ಅಪ್ಪನ ಪೆಟ್ಟಿಗೆಯಲ್ಲಿದ್ದ ಬೈಗುಳ

ನಮ್ಮಪ್ಪ ಫಿಟ್ಟರ್. ದಾವಣಗೆರೆಯ ಒಂದು ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದರು. ಮನೆಯಲ್ಲಿ ಅವರದೊಂದು ಹಸಿರು ತಗಡಿನ ಪೆಟ್ಟಿಗೆ ಇತ್ತು. ಭಾನುವಾರ ಬಂತೆಂದರೆ ಅದು ಪಡಸಾಲೆಗೆ ಬರುತ್ತಿತ್ತು. ಯಾರದೋ ಮನೆಯ ಚಿಲಕ, ಯಾರದೋ ಸೈಕಲ್ಲಿನ ಪೆಡಲ್, ಏನಾದರೊಂದು ರಿಪೇರಿ ಇದ್ದೇ ಇರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಕೇಳಿದ್ದನ್ನು ಎತ್ತಿಕೊಡುವ ಹುಡುಗ.

"ಆ ಬಾಸ್ಟರ್ಡ್ ಫೈಲ್ ಕೊಡೋ."

ಅಪ್ಪ ಇದನ್ನು ಏನೂ ವಿಶೇಷವಿಲ್ಲದೆ ಹೇಳುತ್ತಿದ್ದರು. ಅಜ್ಜಿ ಅಲ್ಲೇ ಮೊರ ಹಿಡಿದು ಅಕ್ಕಿ ಆರಿಸುತ್ತಿರುತ್ತಿದ್ದರು. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಫೈಲ್ ಅಂದರೆ ಕಬ್ಬಿಣ ಉಜ್ಜುವ ಅರ. ಅದರ ಹಲ್ಲು ಎಷ್ಟು ಒರಟು ಅನ್ನುವುದರ ಮೇಲೆ ಅದಕ್ಕೆ ಹೆಸರು. ಎಲ್ಲಕ್ಕಿಂತ ಒರಟಾದದ್ದು ರಫ್. ಅದಾದ ಮೇಲೆ ಬಾಸ್ಟರ್ಡ್, ಆಮೇಲೆ ಸೆಕೆಂಡ್ ಕಟ್, ಸ್ಮೂತ್, ಕೊನೆಗೆ ಡೆಡ್ ಸ್ಮೂತ್. ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಓದಿದ ಯಾರನ್ನು ಕೇಳಿದರೂ ಈ ಸಾಲನ್ನು ಮಗ್ಗಿಯ ಥರ ಹೇಳುತ್ತಾರೆ. ನಮ್ಮನೆಯ ಫೈಲಿಗೆ ಮರದ ಹಿಡಿ ಇತ್ತು. ಅಪ್ಪನ ಹೆಬ್ಬೆರಳು ಕೂರುವ ಜಾಗ ಸವೆದು ಕಪ್ಪಾಗಿ ನುಣುಪಾಗಿತ್ತು.

ಹಾಗಾಗಿ ನಾನು ಈ ಮಾತನ್ನು ಬೈಗುಳವಾಗಿ ಕಲಿಯಲೇ ಇಲ್ಲ. ಒಂದು ಸಾಮಾನಿನ ಹೆಸರಾಗಿ ಕಲಿತೆ. ಅದು ಬೈಗುಳ ಅಂತ ಗೊತ್ತಾದದ್ದು ಹೈಸ್ಕೂಲಿನಲ್ಲಿ, ಇಂಗ್ಲಿಷ್ ಸಿನಿಮಾ ನೋಡಿ ಬಂದ ದೊಡ್ಡ ಹುಡುಗರಿಂದ. ಅದು ಎಂಥ ಬೈಗುಳ ಅಂತ ಗೊತ್ತಾದದ್ದು ಇನ್ನೂ ಎಷ್ಟೋ ವರ್ಷದ ಮೇಲೆ, ಧಾರವಾಡದ ಹಾಸ್ಟೆಲ್ಲಿನಲ್ಲಿ.

ಆ ಹಾಸ್ಟೆಲ್ಲಿನಲ್ಲಿ ನಾವು ಇಂಗ್ಲಿಷಿನಲ್ಲಿ ಬೈಯುವುದನ್ನು ರೂಢಿ ಮಾಡಿಕೊಂಡಿದ್ದೆವು. ಕನ್ನಡದಲ್ಲಿ ಬೈದರೆ ಜಗಳ ಆಗುತ್ತಿತ್ತು. ಇಂಗ್ಲಿಷಿನಲ್ಲಿ ಬೈದರೆ ನಗು. ಇಸ್ಪೀಟಿನಲ್ಲಿ ಸೋತರೆ, ಬಾತ್‌ರೂಮಿನಲ್ಲಿ ಬಿಸಿನೀರು ಖಾಲಿ ಆದರೆ, ಪರೀಕ್ಷೆಯಲ್ಲಿ ಯಾರಿಗೋ ಮಾರ್ಕ್ಸ್ ಜಾಸ್ತಿ ಬಂದರೆ ಬಾಯಿಗೆ ಬರುತ್ತಿದ್ದದ್ದು ಅದೇ ನಾಲ್ಕೈದು ಮಾತು. ಒಂದು ಸಂಜೆ ನನ್ನ ರೂಮ್‌ಮೇಟ್ ಊರಿಂದ ಬಂದ. ಕೈಯಲ್ಲಿ ಅವರಮ್ಮ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ನಾನು ಖುಷಿಯಲ್ಲಿ, "ಲಕ್ಕಿ ಬಾಸ್ಟರ್ಡ್!" ಅಂದೆ.

ಅವನು ಡಬ್ಬಿಯನ್ನು ಟೇಬಲ್ಲಿನ ಮೇಲೆ ಇಟ್ಟ. ಮುಚ್ಚಳ ತೆಗೆದ. ನನ್ನ ಕಡೆ ತಳ್ಳಿದ. ಆಮೇಲೆ ಮೆಲ್ಲಗೆ ಹೇಳಿದ:

"ಆ ಶಬ್ದ ಒಂದು ಬ್ಯಾಡಲೇ. ಬ್ಯಾರೆ ಏನರೆ ಬೈ."

ಅವನ ಅಪ್ಪ ಅವರಮ್ಮನನ್ನು ಮದುವೆ ಆಗಿರಲಿಲ್ಲ. ಇದು ನನಗೆ ತಿಳಿದದ್ದು ಆರು ತಿಂಗಳ ಮೇಲೆ, ಸ್ಕಾಲರ್‌ಶಿಪ್ ಫಾರಂ ತುಂಬುವಾಗ. ತಂದೆಯ ಹೆಸರು ಅಂತ ಇದ್ದ ಕಡೆ ಅವನ ಪೆನ್ನು ನಿಂತಿತ್ತು. ಅವನು ಅಮ್ಮನ ಹೆಸರು ಬರೆದ. ಆಫೀಸಿನವರು ವಾಪಸ್ ಕಳಿಸಿದರು. ಮತ್ತೆ ಬರೆದ. ಮೂರು ಸಲ ಓಡಾಡಿದ.

ಅಂದಿನಿಂದ ಈ ಒಂದು ಮಾತಿನ ಬೆನ್ನು ಹತ್ತಿದ್ದೇನೆ. ಈಗ ನನ್ನ ಕೆಲಸವೂ ಅದಕ್ಕೆ ಹತ್ತಿರದ್ದೇ. ಇಂಗ್ಲಿಷ್ ಸೀರಿಯಲ್ಲು, ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತೇನೆ. ದಿನಕ್ಕೆ ಹತ್ತು ಸಲವಾದರೂ ಈ ಮಾತು ಕಿವಿಗೆ ಬೀಳುತ್ತದೆ.

ಮೊದಲು ಈ ಮಾತು ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಇಂಗ್ಲಿಷಿಗೆ ಇದು ಹಳೆಯ ಫ್ರೆಂಚಿನಿಂದ ಬಂತು. ಸಾಮಾನ್ಯವಾಗಿ ಕೊಡುವ ಮೂಲ ಹೀಗೆ: ಹೇಸರಗತ್ತೆಯ ಬೆನ್ನಿಗೆ ಹಾಕುವ ತಡಿಗೆ ಫ್ರೆಂಚಿನಲ್ಲಿ ಬಾಸ್ಟ್ ಅನ್ನುತ್ತಿದ್ದರು. ಹೇರು ಹೊಡೆಯುವವರು ರಾತ್ರಿ ಆ ತಡಿಯನ್ನೇ ಹಾಸಿಕೊಂಡು ಮಲಗುತ್ತಿದ್ದರು. ಹಾಸಿಗೆಯಲ್ಲಿ ಹುಟ್ಟದೆ ತಡಿಯ ಮೇಲೆ ಹುಟ್ಟಿದ ಮಗು, ಅಂದರೆ ದಾರಿಹೋಕ ಬಿಟ್ಟುಹೋದ ಮಗು. ಈ ಚಿತ್ರದಲ್ಲಿ ಗಂಡಸು ಬೆಳಗಾಗುವಾಗ ಕತ್ತೆ ಹೊಡೆದುಕೊಂಡು ಹೋಗಿಬಿಟ್ಟಿದ್ದಾನೆ. ಉಳಿದವಳು ತಾಯಿ. ಹೆಸರು ಮಾತ್ರ ಬಿದ್ದದ್ದು ಮಗುವಿಗೆ.

1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ಕೂಡ ಇಂಥ ಮಗುವೇ. ಅವನ ತಂದೆ ನಾರ್ಮಂಡಿಯ ಡ್ಯೂಕ್ ರಾಬರ್ಟ್. ತಾಯಿ ಫಲೇಸ್ ಊರಿನ ಹರ್ಲೆವಾ. ಅವಳ ಮನೆತನದವರು ಚರ್ಮ ಹದ ಮಾಡುವವರು ಅಂತ ಹೇಳಿಕೆ. ಅವನನ್ನು ವಿಲಿಯಂ ದಿ ಬಾಸ್ಟರ್ಡ್ ಅಂತಲೇ ಕರೆಯುತ್ತಿದ್ದರು. ಅಲಾಂಸೋನ್ ಊರಿಗೆ ಅವನು ಮುತ್ತಿಗೆ ಹಾಕಿದಾಗ ಊರಿನವರು ಗೋಡೆಯ ಮೇಲೆ ತೊಗಲು ನೇತುಹಾಕಿ ಬಡಿದು ಅಣಕಿಸಿದರಂತೆ. ಅವನು ಊರು ಗೆದ್ದ ಮೇಲೆ ಅಣಕಿಸಿದವರ ಕೈಕಾಲು ಕಡಿಸಿದ ಅಂತ ಆ ಕಾಲದ ಚರಿತ್ರೆ ಬರೆದವರು ಹೇಳುತ್ತಾರೆ. ಅವರು ಅಣಕಿಸಿದ್ದು ಅವನ ತಾಯಿಯ ತವರನ್ನು. ಇದನ್ನು ಓದಿದಾಗಲೆಲ್ಲ ನನಗೆ ಹರ್ಲೆವಾ ನೆನಪಾಗುತ್ತಾಳೆ.

ದೊಡ್ಡವರ ಮನೆಯ ಮಕ್ಕಳಿಗೆ ಈ ಮಾತು ಅಷ್ಟಾಗಿ ತಟ್ಟಲಿಲ್ಲ. ಎಂಟನೇ ಹೆನ್ರಿಗೆ ಮದುವೆಯ ಹೊರಗೆ ಹುಟ್ಟಿದ ಮಗನಿಗೆ ಫಿಟ್ಜ್‌ರಾಯ್ ಅಂತ ಹೆಸರಿಟ್ಟರು. ಅಂದರೆ ರಾಜನ ಮಗ. 1525ರಲ್ಲಿ ಆರು ವರ್ಷದ ಆ ಹುಡುಗನನ್ನು ರಿಚ್ಮಂಡಿನ ಡ್ಯೂಕ್ ಮಾಡಿದರು. ಬಡವರ ಮಗುವಿನ ಪಾಡು ಬೇರೆ. ಇಂಗ್ಲಿಷ್ ಕಾನೂನಿನಲ್ಲಿ ಅಂಥ ಮಗು ಯಾರ ಮಗುವೂ ಅಲ್ಲ. ಲ್ಯಾಟಿನ್ನಿನಲ್ಲಿ ಅದಕ್ಕೆ ಫಿಲಿಯಸ್ ನಲ್ಲಿಯಸ್ ಅನ್ನುತ್ತಿದ್ದರು, ಯಾರ ಮಗನೂ ಅಲ್ಲದವನು ಅಂತಲೇ ಅದರ ಅರ್ಥ. ಅಪ್ಪನ ಆಸ್ತಿ ಇಲ್ಲ. ಅಪ್ಪ ಅಮ್ಮ ಆಮೇಲೆ ಮದುವೆ ಆದರೂ ಉಪಯೋಗವಿಲ್ಲ. ಹಾಗೆ ಮದುವೆ ಆದರೆ ಮಗುವನ್ನು ಒಪ್ಪಿಕೊಳ್ಳೋಣ ಅಂತ 1235ರಲ್ಲೇ ಬಿಷಪ್ಪರು ಕೇಳಿದ್ದರು. ಮರ್ಟನ್ ಎಂಬಲ್ಲಿ ಸೇರಿದ್ದ ಜಮೀನ್ದಾರರು ಇಂಗ್ಲೆಂಡಿನ ಕಾನೂನು ಬದಲಿಸುವುದು ನಮಗಿಷ್ಟವಿಲ್ಲ ಅಂದುಬಿಟ್ಟರು. ಆ ಒಂದು ಮಾತು ಬದಲಾಗಲು 1926 ಬರಬೇಕಾಯಿತು. ಸುಮಾರು ಏಳುನೂರು ವರ್ಷ.

ಆ ಏಳುನೂರು ವರ್ಷ ಹಳ್ಳಿಗಳಲ್ಲಿ ಏನು ನಡೆಯುತ್ತಿತ್ತು? ಬಡ ಹೆಂಗಸಿಗೆ ಮದುವೆ ಇಲ್ಲದೆ ಮಗು ಆದರೆ ಸಾಕುವ ಖರ್ಚು ಊರಿನ ಚರ್ಚಿನ ಮೇಲೆ ಬೀಳುತ್ತಿತ್ತು. ಊರಿನವರಿಗೆ ಸಿಟ್ಟು. 1576ರ ಕಾಯಿದೆ ಅಪ್ಪ ಅಮ್ಮ ಇಬ್ಬರನ್ನೂ ಶಿಕ್ಷಿಸಿ ಅವರಿಂದಲೇ ಖರ್ಚು ವಸೂಲು ಮಾಡಲು ದಾರಿ ಮಾಡಿತು. 1610ರಲ್ಲಿ ಬಂದ ಇನ್ನೊಂದು ಕಾಯಿದೆ ಅಂಥ ತಾಯಿಯನ್ನು ಒಂದು ವರ್ಷ ಜೈಲಿನಂಥ ದುಡಿಮೆ ಮನೆಗೆ ತಳ್ಳಬಹುದು ಅಂದಿತು. 1834ರ ಬಡವರ ಕಾನೂನು ಮಗುವಿನ ಭಾರವನ್ನೆಲ್ಲ ತಾಯಿಯ ತಲೆಗೇ ಕಟ್ಟಿತು. ಬೈಗುಳ ಅನ್ನುವುದು ಬರೀ ಬಾಯಿಮಾತಲ್ಲ ಅಂತ ನಾನು ಹೇಳುವುದು ಇದಕ್ಕೇ. ಈ ಮಾತಿನ ಹಿಂದೆ ಕಾಯಿದೆ ಇತ್ತು, ಬೀಗ ಇತ್ತು, ಹೊಟ್ಟೆಗಿಲ್ಲದ ಮಗು ಇತ್ತು. ಬೈಯುವವನ ಬಾಯಿಗೆ ಬಲ ಬಂದದ್ದು ಅಲ್ಲಿಂದ.

ಲಂಡನ್ನಿನಲ್ಲಿ ಥಾಮಸ್ ಕೋರಮ್ ಎಂಬ ಹಡಗಿನ ಕ್ಯಾಪ್ಟನ್ ಬೀದಿಯಲ್ಲಿ ಬಿದ್ದಿರುತ್ತಿದ್ದ ಕೂಸುಗಳನ್ನು ನೋಡಲಾಗದೆ ವರ್ಷಗಟ್ಟಲೆ ಓಡಾಡಿ, 1739ರಲ್ಲಿ ರಾಜನ ಅಪ್ಪಣೆ ಪಡೆದು ಒಂದು ಮನೆ ಕಟ್ಟಿಸಿದ. ಫೌಂಡ್ಲಿಂಗ್ ಹಾಸ್ಪಿಟಲ್ ಅಂತ ಅದಕ್ಕೆ ಹೆಸರು. ಮಗುವನ್ನು ಬಿಟ್ಟು ಹೋಗುವ ತಾಯಿ ಗುರುತಿಗೆ ಏನಾದರೂ ಕೊಡುತ್ತಿದ್ದಳು. ಒಂದು ಗುಂಡಿ, ಅರ್ಧ ಮಾಡಿದ ನಾಣ್ಯ, ರಿಬ್ಬನ್ನಿನ ತುಂಡು. ಇಲ್ಲವಾದರೆ ಮಗುವಿನ ಬಟ್ಟೆಯಿಂದಲೇ ಒಂದು ಚೂರು ಕತ್ತರಿಸಿ ಕಾಗದಕ್ಕೆ ಪಿನ್ ಹಾಕಿ ಇಡುತ್ತಿದ್ದರು. ಮುಂದೆ ಯಾವತ್ತಾದರೂ ತಾಯಿ ವಾಪಸ್ ಬಂದರೆ ಇದೇ ನಿನ್ನ ಮಗು ಅಂತ ತೋರಿಸಲು. ಒಳಗೆ ಬಂದ ಮಗುವಿಗೆ ಹೊಸ ಹೆಸರು. ಆ ಬಟ್ಟೆ ಚೂರುಗಳು ಇವತ್ತಿಗೂ ಲಂಡನ್ನಿನಲ್ಲಿ ಇವೆ. ಹೂವಿನ ಚಿತ್ರದ ಹತ್ತಿ ಬಟ್ಟೆ, ಗೆರೆ ಗೆರೆಯ ಬಟ್ಟೆ, ಬಣ್ಣ ಇನ್ನೂ ಮಾಸದವು. ಬಹುಪಾಲು ತಾಯಂದಿರು ವಾಪಸ್ ಬರಲಾಗಲಿಲ್ಲ. ನಾನು ಇವುಗಳ ಫೋಟೋ ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ನಾವು ದಿನಾ ಬಳಸುವ ಈಡಿಯಟ್ ಕೂಡ ಇದಕ್ಕೆ ತೀರಾ ದೂರದ ನೆಂಟನಲ್ಲ. 1913ರಲ್ಲಿ ಬ್ರಿಟನ್ನಿನಲ್ಲಿ ಬುದ್ಧಿಮಾಂದ್ಯತೆಯ ಕಾಯಿದೆ ಬಂತು. ಅದರಲ್ಲಿ ಈಡಿಯಟ್, ಇಂಬೆಸೈಲ್, ಬುದ್ಧಿ ದುರ್ಬಲರು ಅಂತ ಸರ್ಕಾರಿ ದರ್ಜೆಗಳೇ ಇದ್ದವು. ಮದುವೆ ಇಲ್ಲದೆ ಬಸಿರಾಗಿ ಸರ್ಕಾರದ ನೆರವು ಕೇಳಿದ ಹುಡುಗಿಗೆ ಇಂಥದ್ದೊಂದು ದರ್ಜೆಯ ಚೀಟಿ ಅಂಟಿಸಿದರೆ ಸಾಕು, ಅವಳನ್ನು ಆಶ್ರಮದಲ್ಲಿ ಕೂಡಿಹಾಕಬಹುದಾಗಿತ್ತು. ಈ ಕಾಯಿದೆ ಹೋದದ್ದು 1959ರಲ್ಲಿ. ಮಗುವಿಗೆ ಒಂದು ಬೈಗುಳ, ತಾಯಿಗೆ ಇನ್ನೊಂದು. ಎರಡೂ ಸರ್ಕಾರಿ ಕಾಗದದಲ್ಲಿ ಬರೆದದ್ದು.

ಮೆಲ್ಲಗೆ ಕಾಗದ ಬದಲಾಯಿತು. 1947ರಲ್ಲಿ ಇಂಗ್ಲೆಂಡಿನಲ್ಲಿ ಚಿಕ್ಕ ಜನನ ಪತ್ರ ಅಂತ ಒಂದು ಬಂತು. ಅದರಲ್ಲಿ ಅಪ್ಪ ಅಮ್ಮನ ವಿವರ ಇರುವುದಿಲ್ಲ. ಶಾಲೆಗೆ ಸೇರುವಾಗ, ಕೆಲಸಕ್ಕೆ ಹೋಗುವಾಗ ಅದನ್ನು ತೋರಿಸಿದರೆ ಯಾರೂ ಏನೂ ಕೇಳುವಂತಿಲ್ಲ. ಧಾರವಾಡದ ಆ ಸ್ಕಾಲರ್‌ಶಿಪ್ ಫಾರಂ ನೆನಪಾಗಿ ನನಗೆ ಈ ಸಣ್ಣ ಕಾಗದ ದೊಡ್ಡದಾಗಿ ಕಾಣುತ್ತದೆ. ಆಮೇಲೆ 1969ರ ಕಾಯಿದೆ ಇಂಥ ಮಕ್ಕಳಿಗೆ ಅಪ್ಪ ಅಮ್ಮನ ಆಸ್ತಿಯಲ್ಲಿ ಹಕ್ಕು ಕೊಟ್ಟಿತು. 1987ರ ಕಾಯಿದೆ ಉಳಿದ ಭೇದವನ್ನೂ ಹೆಚ್ಚುಕಮ್ಮಿ ಅಳಿಸಿತು.

ಹೀಗೆ ಬೇರು ಒಣಗುತ್ತಾ ಹೋದಂತೆ ಬೈಗುಳದ ಅರ್ಥವೂ ಸಡಿಲವಾಯಿತು. ಇವತ್ತು ಇಂಗ್ಲಿಷಿನವನು ಬಾಸ್ಟರ್ಡ್ ಅಂದರೆ ಹುಟ್ಟಿನ ಬಗ್ಗೆ ಹೇಳುತ್ತಿದ್ದಾನೆ ಅಂತ ಅಲ್ಲವೇ ಅಲ್ಲ. ಹಾಗಾದರೆ ಏನು ಹೇಳುತ್ತಿದ್ದಾನೆ? ಅದನ್ನು ತಿಳಿಯಲು ಮುಂದೆ ಯಾವ ಗುಣವಾಚಕ ಇದೆ ಅಂತ ನೋಡಬೇಕು. ಪೂರ್ ಸೇರಿದರೆ ಅದು ಅಯ್ಯೋ ಪಾಪ. ಲಕ್ಕಿ ಸೇರಿದರೆ ಹೊಟ್ಟೆಕಿಚ್ಚಿನ ಜೊತೆ ಖುಷಿ. ಕ್ಲೆವರ್ ಸೇರಿದರೆ ಮೆಚ್ಚುಗೆ, ಸ್ವಲ್ಪ ಎಚ್ಚರವೂ ಇದೆ. ಏನೂ ಸೇರದೆ ಬರೀ ಯೂ ಬಾಸ್ಟರ್ಡ್ ಅಂತ ನಿಧಾನಕ್ಕೆ ಹೇಳಿದರೆ ಅದು ನಿಜವಾದ ಸಿಟ್ಟು, ನೀನು ನನಗೆ ಮೋಸ ಮಾಡಿದೆ ಅನ್ನುವ ಸಿಟ್ಟು. ತುಕ್ಕು ಹಿಡಿದು ಬಿಚ್ಚಲು ಬಾರದ ಬೋಲ್ಟಿಗೂ ಬಾಸ್ಟರ್ಡ್ ಅನ್ನುತ್ತಾರೆ, ಕಷ್ಟದ ಕೆಲಸಕ್ಕೂ ಅನ್ನುತ್ತಾರೆ. ಒಂದು ವಿಷಯ ಮಾತ್ರ ಗಮನಿಸಬೇಕು. ಹೆಂಗಸರಿಗೆ ಇದನ್ನು ಬಹಳ ಕಡಿಮೆ ಬಳಸುತ್ತಾರೆ. ಅವರಿಗೆ ಬೇರೆ ಮಾತಿದೆ, ನಾಯಿಯಿಂದ ಬಂದದ್ದು. ಆ ಮಾತು ಇಷ್ಟು ಸಲೀಸಾಗಿ ಸಡಿಲವಾಗಿಲ್ಲ.

ಬೈಗುಳದ ತೂಕ ಕಾಲಕ್ಕೆ ತಕ್ಕಂತೆ ಇಳಿಯುವುದು ಇಂಗ್ಲಿಷಿನಲ್ಲಿ ಹೊಸದೇನಲ್ಲ. 1914ರ ಏಪ್ರಿಲ್‌ನಲ್ಲಿ ಲಂಡನ್ನಿನ ರಂಗದ ಮೇಲೆ ಬರ್ನಾರ್ಡ್ ಷಾ ಅವರ ಪಾತ್ರವೊಂದು ಬ್ಲಡಿ ಅಂದಾಗ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. 2006ರಲ್ಲಿ ಆಸ್ಟ್ರೇಲಿಯಾದ ಪ್ರವಾಸೋದ್ಯಮ ಅದೇ ಮಾತು ಹಾಕಿ ಜನರನ್ನು ತಮ್ಮ ದೇಶಕ್ಕೆ ಕರೆಯಿತು. ಬ್ರಿಟನ್ನಿನ ಟಿವಿಯಲ್ಲಿ ಮೊದಲು ತಡೆ ಬಿತ್ತು, ಆಮೇಲೆ ಬಿಟ್ಟರು.

ಆಸ್ಟ್ರೇಲಿಯಾಕ್ಕೆ ಬಂದೆವಲ್ಲ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ. ಬಾಸ್ಟರ್ಡ್ ಮಾತು ಅತಿ ಹೆಚ್ಚು ಪಳಗಿದ್ದು ಅಲ್ಲಿಯ ಗಂಡಸರ ಬಾಯಲ್ಲಿ. ಕುರಿ ಉಣ್ಣೆ ಕತ್ತರಿಸುವ ಶೆಡ್ಡು, ಪಬ್ಬು, ಸೈನ್ಯ, ಕ್ರಿಕೆಟ್ ಎಲ್ಲ ಕಡೆ ಅದು ಗೆಳೆತನದ ಮಾತೇ ಆಗಿಬಿಟ್ಟಿತು. 1932–33ರಲ್ಲಿ ಇಂಗ್ಲೆಂಡಿನ ಬೌಲರ್‌ಗಳು ಬ್ಯಾಟ್ಸ್‌ಮನ್ನನ ಮೈಗೇ ಗುರಿಯಿಟ್ಟು ಚೆಂಡು ಎಸೆದ ಬಾಡಿಲೈನ್ ಸರಣಿಯದ್ದು ಅಂತ ಒಂದು ಕಥೆ ಕ್ರಿಕೆಟ್ ಲೋಕದಲ್ಲಿ ಇವತ್ತಿಗೂ ಓಡಾಡುತ್ತದೆ. ಇಂಗ್ಲೆಂಡಿನ ಕ್ಯಾಪ್ಟನ್ ಡಗ್ಲಸ್ ಜಾರ್ಡಿನ್. ಹುಟ್ಟಿದ್ದು ನಮ್ಮ ಮುಂಬೈಯಲ್ಲಿ. ಫೀಲ್ಡಿನಲ್ಲಿ ಯಾರೋ ತನ್ನನ್ನು ಬಾಸ್ಟರ್ಡ್ ಅಂದರು ಅಂತ ದೂರು ಹೇಳಲು ಅವನು ಆಸ್ಟ್ರೇಲಿಯಾದ ಡ್ರೆಸಿಂಗ್ ರೂಮಿನ ಬಾಗಿಲು ತಟ್ಟಿದ. ಬಾಗಿಲು ತೆಗೆದ ವಿಕ್ ರಿಚರ್ಡ್‌ಸನ್ ಒಳಗಿನವರ ಕಡೆ ತಿರುಗಿ, ಈ ಬಾಸ್ಟರ್ಡನ್ನು ಬಾಸ್ಟರ್ಡ್ ಅಂತ ಕರೆದ ಬಾಸ್ಟರ್ಡ್ ಯಾರು ನಿಮ್ಮಲ್ಲಿ ಅಂತ ಕೇಳಿದನಂತೆ. ಈ ಒಂದು ವಾಕ್ಯದಲ್ಲಿ ಮಾತು ಮೂರು ಸಲ ಬರುತ್ತದೆ. ಮೊದಲನೆಯದರಲ್ಲಿ ತಾತ್ಸಾರ ಇದೆ. ನಡುವಿನದು ದೂರಿನಲ್ಲಿದ್ದ ಬೈಗುಳ. ಕೊನೆಯದು ತನ್ನ ಹುಡುಗರ ಮೇಲಿನ ಸಲುಗೆ.

ಅದೇ ಸರಣಿಯಲ್ಲಿ, 1933ರ ಜನವರಿಯಲ್ಲಿ ಅಡಿಲೇಡಿನಲ್ಲಿ, ಎದೆಗೆ ಚೆಂಡು ತಿಂದ ಆಸ್ಟ್ರೇಲಿಯಾದ ಕ್ಯಾಪ್ಟನ್ ಬಿಲ್ ವುಡ್‌ಫುಲ್, ಅಲ್ಲಿ ಎರಡು ತಂಡ ಇವೆ, ಒಂದು ಮಾತ್ರ ಕ್ರಿಕೆಟ್ ಆಡುತ್ತಿದೆ ಅನ್ನುವ ಅರ್ಥದ ಮಾತು ಹೇಳಿದ. ಎಪ್ಪತ್ತೈದು ವರ್ಷ ಆದಮೇಲೆ ಆ ಮಾತಿನ ನೆರಳು ಒಬ್ಬ ಬೆಂಗಳೂರಿನವರ ಬಾಯಲ್ಲಿ ಬಂತು. 2008ರ ಜನವರಿ, ಸಿಡ್ನಿ ಟೆಸ್ಟ್. ಭಾರತ 122 ರನ್‌ಗಳಿಂದ ಸೋತಿತ್ತು. ಅಂಪೈರಿಂಗ್ ತಪ್ಪುಗಳಿಂದ ಎಲ್ಲರ ಹೊಟ್ಟೆ ಉರಿಯುತ್ತಿತ್ತು. ಕ್ಯಾಪ್ಟನ್ ಅನಿಲ್ ಕುಂಬ್ಳೆ ಪತ್ರಕರ್ತರ ಮುಂದೆ ಕೂತು, ಒಂದು ತಂಡ ಮಾತ್ರ ಆಟದ ಘನತೆಗೆ ತಕ್ಕಂತೆ ಆಡುತ್ತಿತ್ತು ಅಂದರು. ದನಿ ಎತ್ತಲಿಲ್ಲ.

ಅದೇ ಪಂದ್ಯದಲ್ಲಿ ಈ ಮಾತಿನ ಗಲಾಟೆಯೂ ಆಗಿತ್ತು. ಸ್ಪಿನ್ನರ್ ಬ್ರ್ಯಾಡ್ ಹಾಗ್ ಕುಂಬ್ಳೆ ಮತ್ತು ಧೋನಿಯನ್ನು ಬಾಸ್ಟರ್ಡ್ಸ್ ಅಂದ ಅಂತ ಭಾರತ ತಂಡ ದೂರು ಕೊಟ್ಟಿತು. ಜನಾಂಗ, ಧರ್ಮ, ಬಣ್ಣ, ವಂಶದ ಮೇಲೆ ನಿಂದಿಸುವುದಕ್ಕೆ ಹಾಕುವ ದೊಡ್ಡ ಕಲಮಿನ ಕೆಳಗೆ. ಆಸ್ಟ್ರೇಲಿಯಾದವರಿಗೆ ಇದು ಅರ್ಥವೇ ಆಗಲಿಲ್ಲ. ಅಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ದೂರಾ ಅಂದರು. ಇಲ್ಲಿ ನಮ್ಮವರಿಗೂ ಅಷ್ಟೇ ಅರ್ಥ ಆಗಲಿಲ್ಲ. ಹೆತ್ತ ತಾಯಿಯ ಬಗ್ಗೆ ಮಾತಾಡಿ ಅದನ್ನು ಸಣ್ಣದು ಅಂತೀರಾ ಅಂದರು. ಎರಡು ಕಡೆಯವರೂ ಸುಳ್ಳು ಹೇಳುತ್ತಿರಲಿಲ್ಲ. ಮಾತು ಒಂದೇ, ಕಿವಿ ಬೇರೆ.

ವಾರ ಕಳೆದ ಮೇಲೆ ಪರ್ತ್‌ನಲ್ಲಿ ವಿಚಾರಣೆ ನಡೆಯುವ ಮೊದಲೇ ಭಾರತ ಆ ದೂರನ್ನು ವಾಪಸ್ ತೆಗೆದುಕೊಂಡಿತು. ಕುಂಬ್ಳೆ ಅವರ ಈ ನಡೆ ಅವರು ಅದೇ ಪರ್ತ್‌ನಲ್ಲಿ ತೆಗೆದ ಆರುನೂರನೇ ವಿಕೆಟ್ಟಿಗಿಂತ ನನಗೆ ದೊಡ್ಡದಾಗಿ ಕಾಣುತ್ತದೆ. ಬೈಸಿಕೊಂಡವರೇ ಮುಂದೆ ಬಂದು ಕೈ ಚಾಚಿದ್ದು ಅದು.

ಅದೇ ಸಿಡ್ನಿಯ ಇನ್ನೊಂದು ಕೇಸಿನಲ್ಲಿ ಇದರ ಉಲ್ಟಾ ನಡೆಯಿತು. ಹರ್ಭಜನ್ ಸಿಂಗ್ ಆಸ್ಟ್ರೇಲಿಯಾದ ಆಟಗಾರ ಆಂಡ್ರ್ಯೂ ಸೈಮಂಡ್ಸ್‌ಗೆ ಮಂಕಿ ಅಂದರು, ಅದು ಜನಾಂಗ ನಿಂದನೆ ಅಂತ ಆರೋಪ. ಅವರು ಅಂದದ್ದು ತಾಯಿಯ ಹೆಸರೆತ್ತುವ ಹಿಂದಿ ಬೈಗುಳ, ಮಾ ಕೀ ಅನ್ನುವುದು ಮಂಕಿ ಅಂತ ಕೇಳಿಸಿದೆ ಅಂತ ನಮ್ಮವರ ವಾದ. ಅಡಿಲೇಡಿನಲ್ಲಿ ನ್ಯೂಜಿಲೆಂಡಿನ ನ್ಯಾಯಾಧೀಶ ಜಾನ್ ಹ್ಯಾನ್ಸನ್ ಮೇಲ್ಮನವಿ ಕೇಳಿದರು. ಮೂರು ಟೆಸ್ಟಿನ ನಿಷೇಧ ಹೋಯಿತು. ಅದರ ಬದಲು ಪಂದ್ಯದ ಸಂಭಾವನೆಯ ಅರ್ಧ ದಂಡ ಬಿತ್ತು. ಬಾಸ್ಟರ್ಡ್ ಅಂದರೆ ತಾಯಿಗೆ ಅವಮಾನ ಅಂತ ಒಂದು ಕಡೆ ದೂರು ಕೊಟ್ಟ ನಾವು, ಇನ್ನೊಂದು ಕಡೆ ಅಂದದ್ದು ಬರೀ ತಾಯಿಯ ಬೈಗುಳ ಅಂತ ಸಮಾಧಾನ ಹೇಳಿದೆವು. ಇದನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ. ನಮ್ಮ ಭಾಷೆಯ ಬೈಗುಳ ನಮಗೆ ಹಗುರ, ಅವರ ಭಾಷೆಯದು ಅವರಿಗೆ ಹಗುರ. ಎರಡರಲ್ಲೂ ತಾಯಿಯನ್ನು ಯಾರೂ ಕೇಳಲಿಲ್ಲ.

ಆಸ್ಟ್ರೇಲಿಯಾದಲ್ಲಿ ಅದು ಬರೀ ಸಲುಗೆಯ ಮಾತು ಅಂತ ನಾನೂ ಬಹಳ ದಿನ ನಂಬಿದ್ದೆ. ಆಮೇಲೆ 2013ರ ಮಾರ್ಚ್ 21ರ ಸುದ್ದಿ ಓದಿದೆ. ಅಂದು ಕ್ಯಾನ್‌ಬೆರಾದಲ್ಲಿ ಪ್ರಧಾನಿ ಜೂಲಿಯಾ ಗಿಲಾರ್ಡ್ ದೇಶದ ಪರವಾಗಿ ಕ್ಷಮೆ ಕೇಳಿದರು. ಯಾರ ಹತ್ತಿರ? ಮದುವೆ ಆಗದೆ ಹೆತ್ತ ತಾಯಂದಿರ ಹತ್ತಿರ. ದಶಕಗಳ ಕಾಲ ಅವರ ಕೂಸುಗಳನ್ನು ಆಸ್ಪತ್ರೆಯಲ್ಲೇ ಕಿತ್ತುಕೊಂಡು ಮದುವೆಯಾದ ದಂಪತಿಗೆ ದತ್ತು ಕೊಟ್ಟಿದ್ದರು. ಎಷ್ಟೋ ತಾಯಂದಿರಿಗೆ ಮಗುವಿನ ಮುಖವನ್ನೂ ತೋರಿಸಿರಲಿಲ್ಲ. ಇದು ಜಾಸ್ತಿ ನಡೆದದ್ದು 1950ರಿಂದ 70ರ ದಶಕದ ನಡುವೆ. ಪಬ್ಬಿನಲ್ಲಿ ಗಂಡಸರು ಒಬ್ಬರ ಬೆನ್ನು ಒಬ್ಬರು ತಟ್ಟಿ ಯೂ ಓಲ್ಡ್ ಬಾಸ್ಟರ್ಡ್ ಅನ್ನುತ್ತಿದ್ದ ಅದೇ ವರ್ಷಗಳು. ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ಅದೇ ಮಾತಿನ ಭಯಕ್ಕೆ ಒಬ್ಬ ಹುಡುಗಿಯ ಕೈಯಿಂದ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮಾತು ಹಗುರ ಆಗಿತ್ತು ಅಂದರೆ, ಯಾರ ಪಾಲಿಗೆ ಅಂತ ಕೇಳಲೇಬೇಕು ಅಲ್ವಾ.

ಕನ್ನಡದಲ್ಲಿ ನಾವು ಬೇರೆ ಏನಲ್ಲ. ಬೇವರ್ಸಿ ಅನ್ನುತ್ತೇವೆ. ಬಿಡಿಸಿ ನೋಡಿ. ವಾರಸು ಅದರೊಳಗೇ ಕೂತಿದೆ. ವಾರಸುದಾರ ಅನ್ನುವಾಗ ಬರುವ ಅದೇ ವಾರಸು. ಪಾರಸಿಯ ಬೇ ಅಂದರೆ ಇಲ್ಲದ. ವಾರಸಿಲ್ಲದವನು. ಇಂಗ್ಲಿಷ್ ವಕೀಲರ ಯಾರ ಮಗನೂ ಅಲ್ಲದವನಿಗೆ ಇದಕ್ಕಿಂತ ಹತ್ತಿರದ ಕನ್ನಡ ಸಿಗುವುದಿಲ್ಲ. ಆಸ್ತಿಯ ಕಾಗದದಿಂದ ಎದ್ದು ಬಂದ ಬೈಗುಳ ಇದೂ. ನನ್ಮಗನೇ ಅನ್ನುವುದು ಇನ್ನೂ ವಿಚಿತ್ರ. ಅಕ್ಷರಕ್ಕೆ ಹೋದರೆ ಅದು ಮುದ್ದಿನ ಮಾತು. ಜಗಳದಲ್ಲಿ ಅದೇ ಮಾತಿಗೆ ನಿನ್ನ ಹುಟ್ಟಿಗೆ ಕಾರಣ ನಾನು ಅನ್ನುವ ಅರ್ಥ ಬರುತ್ತದೆ. ಬೆಂಗಳೂರಿನ ಹುಡುಗರು ಗೆಳೆಯನಿಗೆ ಮಗಾ ಅಂದಾಗ ಆ ವಿಷ ಇಳಿದುಹೋಗಿರುತ್ತದೆ. ಮಂಡ್ಯದ ಕಡೆ ಒಳ್ಳೆಯ ಹಾಡು ಕೇಳಿ "ಬಡ್ಡಿಮಗ ಏನ್ ಹಾಡ್ತಾನಪ್ಪಾ" ಅಂದರೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಇಂಗ್ಲಿಷಿನಿಂದ ಬಂದ ಲೋಫರ್ ಇಲ್ಲಿ ಉಲ್ಟಾ ದಾರಿ ಹಿಡಿಯಿತು. ಅಲ್ಲಿ ಅದು ಸುಮ್ನೆ ಕಾಲ ಕಳೆಯುವ ಸೋಮಾರಿ. ಇಲ್ಲಿ ಅದು ಹೆಣ್ಣುಮಕ್ಕಳ ಹಿಂದೆ ಬೀಳುವ ಪೋಲಿ.

ಹಾಸ್ಟೆಲ್ಲಿನಲ್ಲಿ ಇಂಗ್ಲಿಷ್ ಬೈಗುಳ ನಮಗೆ ಯಾಕೆ ಅಷ್ಟು ಹಗುರ ಅನ್ನಿಸುತ್ತಿತ್ತು ಅನ್ನುವುದಕ್ಕೂ ನನಗೆ ಉತ್ತರ ಸಿಕ್ಕಿದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಬಾಸ್ಟನ್ನಿನಲ್ಲಿ ನಡೆದದ್ದು. ಬಾಲ್ಯ ದಾಟಿದ ಮೇಲೆ ಇಂಗ್ಲಿಷ್ ಕಲಿತ ಟರ್ಕಿಯವರ ಬೆರಳಿಗೆ ತಂತಿ ಹಚ್ಚಿ, ಎರಡೂ ಭಾಷೆಯ ಮಾತುಗಳನ್ನು ಕೇಳಿಸಿ, ಚರ್ಮ ಎಷ್ಟು ಬೆವರುತ್ತದೆ ಅಂತ ಅಳೆದರು. ಬೈಗುಳಗಳು ಟರ್ಕಿಶ್‌ನಲ್ಲಿ ಹೆಚ್ಚು ತಟ್ಟಿದವು. ಅದಕ್ಕಿಂತ ಎದ್ದು ಕಂಡದ್ದು ಚಿಕ್ಕಂದಿನಲ್ಲಿ ಗದರಿಸುತ್ತಿದ್ದ ಮಾತುಗಳು, ನಾಚಿಕೆ ಆಗಲ್ವಾ ನಿನಗೆ ಅನ್ನುವಂಥವು. ಇಂಗ್ಲಿಷಿನಲ್ಲಿ ಅವೇ ಮಾತಿಗೆ ಅಷ್ಟು ಬೆವರು ಇಲ್ಲ. ನಾವು ತಾಯ್ನುಡಿಯನ್ನು ಅಮ್ಮನ ಮುಖ ನೋಡುತ್ತಾ ಕಲಿತವರು. ಇಂಗ್ಲಿಷನ್ನು ಪುಸ್ತಕ, ಪರದೆಯಿಂದ ಕಲಿತೆವು. ಅದರ ಬೈಗುಳದ ಜೊತೆ ಯಾರ ಕಣ್ಣೀರನ್ನೂ ನಾವು ನೋಡಿರಲಿಲ್ಲ. ನನ್ನ ರೂಮ್‌ಮೇಟ್‌ಗೆ ಮಾತ್ರ ಆ ಮಾತು ಇಂಗ್ಲಿಷಿನದೋ ಕನ್ನಡದ್ದೋ ಅನ್ನುವ ಪ್ರಶ್ನೆಯೇ ಇರಲಿಲ್ಲ. ಅದು ನೇರವಾಗಿ ಅವನ ಮನೆಗೇ ಬರೆದ ಕಾಗದ.

ಈಗ ನಮ್ಮಲ್ಲೂ ಕಾಗದ ಬದಲಾಗುತ್ತಿದೆ. ಮದುವೆಯಾಗದ ತಾಯಿ ಮಗುವಿನ ಪೋಷಕಿ ಆಗಲು ಅಪ್ಪ ಯಾರು ಅಂತ ಹೇಳಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2023ರ ಸೆಪ್ಟೆಂಬರ್ 1ರಂದು ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ–ಮಲ್ಲಿಕಾರ್ಜುನ ಕೇಸಿನಲ್ಲಿ ಇನ್ನೊಂದು ತೀರ್ಪು ಬಂತು. ಕಾನೂನು ಒಪ್ಪದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ, ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಅಪ್ಪ ಅಮ್ಮನಿಗೆ ಬರಬೇಕಾದ ಪಾಲಿನಲ್ಲಿ ಹಕ್ಕಿದೆ ಅಂತ. ಬೇವರ್ಸಿ ಅನ್ನುವ ಮಾತಿನಿಂದ ಆ ಬೇ ಕಳಚುವುದು ಹೀಗೇ ಇರಬೇಕು, ಒಂದೊಂದೇ ತೀರ್ಪು, ಒಂದೊಂದೇ ಫಾರಂ.

ಕಳೆದ ತಿಂಗಳು ಒಂದು ಆಸ್ಟ್ರೇಲಿಯನ್ ಸೀರಿಯಲ್ ಕೈಗೆ ಬಂತು. ಕೆಲಸ ಕೊಟ್ಟ ಕಂಪನಿ ಒಂದು ಪದಪಟ್ಟಿಯನ್ನೂ ಕಳಿಸಿತ್ತು. ಅದರಲ್ಲಿ ಬಾಸ್ಟರ್ಡ್ ಎದುರಿಗೆ ನೀಚ ಅಂತ ಇತ್ತು. ಎಲ್ಲ ಕಡೆ ಅದನ್ನೇ ಹಾಕಬೇಕಂತೆ. ಮೊದಲ ಕಂತಿನಲ್ಲಿ ಶಾಲೆಯ ಮೇಷ್ಟ್ರು ಒಬ್ಬ ಏಳು ವರ್ಷದ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ ಆ ಮಾತು ಅನ್ನುತ್ತಾನೆ. ಕೊನೆಯ ಕಂತಿನಲ್ಲಿ ಅದೇ ಹುಡುಗ ಮುದುಕನಾಗಿ ಸತ್ತಿದ್ದಾನೆ. ಮಣ್ಣು ಮಾಡುವಾಗ ಅವನ ಜೀವದ ಗೆಳೆಯ ಟೋಪಿ ತೆಗೆದು, ಗುಡ್ ಓಲ್ಡ್ ಬಾಸ್ಟರ್ಡ್ ಅಂತ ಅಷ್ಟೇ ಹೇಳಿ ಸುಮ್ಮನಾಗುತ್ತಾನೆ. ಎರಡೂ ಕಡೆ ನೀಚ ಅಂತ ಬರೆದರೆ ನಾನು ಇಬ್ಬರಿಗೂ ದ್ರೋಹ ಮಾಡಿದಂತೆ. ಪರದೆಯ ಕೆಳಗೆ ಜಾಗ ಎರಡೇ ಸಾಲು, ನೋಡುವವರ ಕಣ್ಣಿಗೆ ಸಿಗುವುದು ಎರಡೋ ಮೂರೋ ಸೆಕೆಂಡು. ವಿವರಿಸಲು ಆಗುವುದಿಲ್ಲ.

ಎರಡು ದಿನ ಒದ್ದಾಡಿದೆ. ಗೆಳೆಯ ಹೇಳುವ ಜಾಗಕ್ಕೆ ಕೊನೆಗೆ "ಪುಣ್ಯಾತ್ಮ" ಅಂತ ಬರೆದೆ. ನಮ್ಮಲ್ಲಿ ಸಿಟ್ಟಿಗೂ ಅದೇ ಅನ್ನುತ್ತೇವೆ, ಪ್ರೀತಿಗೂ ಅದೇ, ಸತ್ತವರಿಗೂ ಅದೇ. ಮೇಷ್ಟ್ರ ಮಾತಿಗೆ "ಅಪ್ಪ ಯಾರಂತ ಗೊತ್ತಿಲ್ಲದವನೇ" ಅಂತ ಬರೆದೆ. ಬರೆದು ಅಳಿಸಿದೆ. ಮತ್ತೆ ಬರೆದೆ. ಕೈ ನಡುಗಿತು.

ರಾತ್ರಿ ಒಂಬತ್ತಕ್ಕೆ ನನ್ನ ಹಳೆಯ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಈಗ ಅವನು ಹುಬ್ಬಳ್ಳಿಯಲ್ಲಿ ಮೇಷ್ಟ್ರು. ಹಿಂದೆ ಕುಕ್ಕರಿನ ಸೀಟಿ, ಅವನ ಮಗಳು ಮಗ್ಗಿ ಹೇಳುವ ದನಿ. ಎರಡೂ ದೃಶ್ಯ ವಿವರಿಸಿದೆ, ಮೊದಲು ಮೇಷ್ಟ್ರದು, ಆಮೇಲೆ ಗೆಳೆಯನದು. ನಾನು ಬರೆದ ಎರಡೂ ಸಾಲು ಓದಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಎರಡನೇದು ಚೊಲೋ ಐತಿ," ಅಂದ. "ಮೊದಲನೇದು ಹಂಗ ಇರ್ಲಿ. ಮೆತ್ತಗ ಮಾಡಬ್ಯಾಡ. ಕೇಳಿದವ್ರಿಗೆ ಹತ್ತಲಿ."

ಆಮೇಲೆ ಕೇಳಿದ, "ಆ ಹುಡುಗನ ಅವ್ವ ಬರ್ತಾಳೇನು ಅದರಾಗ?"

ಬರುತ್ತಾಳೆ ಅಂದೆ. ಮೂರನೇ ಕಂತಿನಲ್ಲಿ.

"ಆಕಿ ಮಾತು ಛಲೋತ್ನಾಗಿ ಬರಿ," ಅಂ‌ದ.